ಆಸ್ಪತ್ರೆಯ ಬಿಲ್ಲು: ಏರುವುದೇಕೆ, ಕಟ್ಟುವವರು ಯಾರು?



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1993ರಿಂದ ಧರ್ಮಸಭೆಯು ಅದೇ ದಿನವನ್ನು ವಿಶ್ವ ರೋಗಿಗಳ ದಿನವನ್ನಾಗಿಯೂ ಆಚರಿಸುತ್ತಾ ಬಂದಿದೆ. ಆ ದಿನ ನಾವು ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ, ಹಾಸಿಗೆ ಹಿಡಿದವರ ಮನೆಗೆ ಪರಮಪ್ರಸಾದ ಒಯ್ಯುತ್ತೇವೆ. ಆದರೆ ಅದೇ ರೋಗಿಯ ತಲೆದಿಂಬಿನ ಕೆಳಗೆ ಮಡಚಿಟ್ಟಿರುವ ಆಸ್ಪತ್ರೆಯ ಬಿಲ್ಲಿನ ಬಗ್ಗೆ ದೇವಾಲಯದಲ್ಲಿ ಮಾತು ಬರುವುದು ಅಪರೂಪ.

ಶುಭಸಂದೇಶಕಾರ ಮಾರ್ಕನು ಈ ವಿಷಯದಲ್ಲಿ ಸಂಕೋಚಪಡಲಿಲ್ಲ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯ ವೃತ್ತಾಂತದಲ್ಲಿ ಆಕೆಯ ರೋಗದ ಜೊತೆಗೇ ಆಕೆಯ ಹಣದ ಕಥೆಯನ್ನೂ ಹೇಳುತ್ತಾನೆ. ಆಕೆ ಹಲವು ವೈದ್ಯರ ಬಳಿ ಅಲೆದಿದ್ದಳು, ಇದ್ದುದನ್ನೆಲ್ಲ ಕಳೆದುಕೊಂಡಿದ್ದಳು, ಆದರೂ ಗುಣವಾಗಿರಲಿಲ್ಲ. ಅಂಥ ಕುಟುಂಬಗಳು ಹೊಸಪೇಟೆಯ ಕಾಲೋನಿಗಳಲ್ಲಿಯೂ, ಹಂಪಿಯ ಸುತ್ತಲ ಊರುಗಳಲ್ಲಿಯೂ, ಸಂಡೂರಿನ ಗಣಿ ಹಳ್ಳಿಗಳಲ್ಲಿಯೂ, ಕಂಪ್ಲಿಯ ಭತ್ತದ ಬಯಲಿನಲ್ಲಿಯೂ ಇಂದಿಗೂ ಇವೆ. ಗುರುಮನೆಯ ಬಾಗಿಲಿಗೆ ಸಹಾಯ ಕೇಳಿ ಬರುವವರ ಕೈಯಲ್ಲಿ ನಾವು ಹೆಚ್ಚಾಗಿ ಕಾಣುವ ಎರಡು ಕಾಗದಗಳಲ್ಲಿ ಒಂದು ಶಾಲೆಯ ಶುಲ್ಕದ ಚೀಟಿ, ಇನ್ನೊಂದು ದವಾಖಾನೆಯ ಬಿಲ್ಲು.

ಆದ್ದರಿಂದ ಈ ಲೇಖನದಲ್ಲಿ ಎರಡು ಪ್ರಶ್ನೆಗಳನ್ನು ಬಿಡಿಸಿ ನೋಡೋಣ. ಆರೋಗ್ಯದ ಖರ್ಚು ವರ್ಷದಿಂದ ವರ್ಷಕ್ಕೆ ಏರುವುದೇಕೆ? ಏರಿದ ಖರ್ಚನ್ನು ಹೊರುವವರು ಯಾರು? ಎರಡೂ ಒಂದೇ ಎಂದು ನಾವು ಭಾವಿಸುತ್ತೇವೆ. ಆದರೆ ಮೊದಲನೆಯದಕ್ಕೆ ಉತ್ತರ ಬಹುಮಟ್ಟಿಗೆ ಕಾಲದ ಗತಿಯಲ್ಲಿದೆ, ಎರಡನೆಯದಕ್ಕೆ ಉತ್ತರ ಮನುಷ್ಯರ ತೀರ್ಮಾನದಲ್ಲಿದೆ.

ದೇಶದ ಲೆಕ್ಕ ಏನು ಹೇಳುತ್ತದೆ?

ಮನೆಗೊಂದು ಜಮಾಖರ್ಚಿನ ಪುಸ್ತಕ ಇರುವಂತೆ ದೇಶದ ಆರೋಗ್ಯಕ್ಕೂ ಒಂದು ಲೆಕ್ಕದ ಪುಸ್ತಕವಿದೆ. ಅದಕ್ಕೆ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಎಂದು ಹೆಸರು. ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ಪ್ರಕಟಿಸುತ್ತದೆ. ಸರ್ಕಾರ ಎಷ್ಟು ಖರ್ಚು ಮಾಡಿತು, ವಿಮೆಯಿಂದ ಎಷ್ಟು ಬಂತು, ಕುಟುಂಬಗಳು ತಮ್ಮ ಜೇಬಿನಿಂದ ಎಷ್ಟು ಕೊಟ್ಟವು ಎಂಬುದನ್ನು ಅದು ಬೇರೆ ಬೇರೆಯಾಗಿ ತೋರಿಸುತ್ತದೆ.

2004-05ರಲ್ಲಿ ದೇಶದಲ್ಲಿ ಆರೋಗ್ಯಕ್ಕೆ ಖರ್ಚಾದ ಪ್ರತಿ 100 ರೂಪಾಯಿಯಲ್ಲಿ ಸುಮಾರು 69 ರೂಪಾಯಿ ಕುಟುಂಬಗಳ ಜೇಬಿನಿಂದಲೇ ಹೋಗಿತ್ತು. 2013-14ರಲ್ಲಿ ಅದು 64 ರೂಪಾಯಿಗೆ ಇಳಿಯಿತು, 2019-20ರಲ್ಲಿ 47ಕ್ಕೆ, 2021-22ರಲ್ಲಿ 39ಕ್ಕೆ. ಅದೇ ಅವಧಿಯಲ್ಲಿ ಸರ್ಕಾರದ ಪಾಲು 2013-14ರ ಶೇ. 28.6ರಿಂದ 2021-22ರಲ್ಲಿ ಶೇ. 48ಕ್ಕೆ ಏರಿತು. ಇದು ಸಣ್ಣ ಬದಲಾವಣೆಯಲ್ಲ.

ಆದರೆ ಪಾಲು ಇಳಿದರೆ ಹಣ ಇಳಿದಂತೆಯೇ? ಇಲ್ಲಿ ನಾವು ಎಚ್ಚರದಿಂದ ನೋಡಬೇಕು. 2013-14ರಲ್ಲಿ ದೇಶದ ಒಬ್ಬ ವ್ಯಕ್ತಿಯ ಲೆಕ್ಕಕ್ಕೆ ವರ್ಷಕ್ಕೆ 3,638 ರೂಪಾಯಿ ಆರೋಗ್ಯ ಖರ್ಚು ಬರುತ್ತಿತ್ತು. 2021-22ರಲ್ಲಿ ಅದು 6,602 ರೂಪಾಯಿಯಾಯಿತು. ಇದರಲ್ಲಿ ಜೇಬಿನ ಪಾಲು ಮೊದಲು ಸುಮಾರು 2,340 ರೂಪಾಯಿ ಇದ್ದದ್ದು ನಂತರ ಸುಮಾರು 2,600 ಆಯಿತು. ಅಂದರೆ ರೂಪಾಯಿ ಲೆಕ್ಕದಲ್ಲಿ ಕುಟುಂಬದ ಖರ್ಚು ಇಳಿಯಲೇ ಇಲ್ಲ, ತುಸು ಏರಿತು. ಈ ಎಂಟು ವರ್ಷಗಳಲ್ಲಿ ಎಲ್ಲ ಸಾಮಾನಿನ ಬೆಲೆಯೂ ಏರಿದ್ದರಿಂದ ಆ ಏರಿಕೆಯ ಭಾರ ಅಷ್ಟು ತಿಳಿಯದೆ ಇರಬಹುದು. ನಿಜವಾಗಿ ಬದಲಾದದ್ದು ಸರ್ಕಾರದ ಖರ್ಚು. ಅದು ತಲೆಗೆ 1,042 ರೂಪಾಯಿಯಿಂದ 3,169 ರೂಪಾಯಿಗೆ, ಅಂದರೆ ಮೂರರಷ್ಟಾಯಿತು. ಹೊಸದಾಗಿ ಬಂದ ಹೊರೆಯ ದೊಡ್ಡ ಭಾಗಕ್ಕೆ ಸರ್ಕಾರ ಹೆಗಲು ಕೊಟ್ಟಿತು; ಹಳೆಯ ಹೊರೆ ಕುಟುಂಬದ ಹೆಗಲ ಮೇಲೆಯೇ ಉಳಿಯಿತು.

ಇನ್ನೆರಡು ಮಾತು ಸೇರಿಸಬೇಕು. 2021-22 ಕೊರೋನಾ ಕಾಲದ ವರ್ಷ. ಲಸಿಕೆ, ಆಮ್ಲಜನಕ, ಹಾಸಿಗೆ ಎಂದು ಸರ್ಕಾರ ಆಗ ಹೆಚ್ಚು ಖರ್ಚು ಮಾಡಲೇಬೇಕಾಗಿತ್ತು. ಜೊತೆಗೆ ಕುಟುಂಬಗಳ ಖರ್ಚು ಒಂದೊಂದು ಬಿಲ್ಲನ್ನೂ ಎಣಿಸಿ ತೆಗೆದದ್ದಲ್ಲ, ಮನೆಮನೆ ಸಮೀಕ್ಷೆಯ ಆಧಾರದ ಅಂದಾಜು. ಆದ್ದರಿಂದ ಈ ಅಂಕಿಗಳಿಂದ ದಿಕ್ಕನ್ನು ತಿಳಿಯೋಣ, ಪೈಸೆಯವರೆಗಿನ ಲೆಕ್ಕ ಬೇಡ.

ಸರಾಸರಿಯೂ ಮೋಸ ಮಾಡುತ್ತದೆ. ತಲೆಗೆ 2,600 ರೂಪಾಯಿ ಎಂದರೆ ಐದು ಜನರ ಮನೆಗೆ ವರ್ಷಕ್ಕೆ 13,000. ಆದರೆ ರೋಗ ಎಲ್ಲ ಮನೆಗಳಿಗೂ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಒಂಬತ್ತು ಮನೆಗಳಲ್ಲಿ ಕೆಮ್ಮು ನೆಗಡಿಯಲ್ಲೇ ವರ್ಷ ಮುಗಿದರೆ ಹತ್ತನೆಯ ಮನೆಯಲ್ಲಿ ಒಂದೇ ವಾರದಲ್ಲಿ ಲಕ್ಷ ಹೋಗುತ್ತದೆ. 2017-18ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಹೆರಿಗೆ ಹೊರತುಪಡಿಸಿ ಒಮ್ಮೆ ಆಸ್ಪತ್ರೆಗೆ ಸೇರಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಸರಾಸರಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ ಖರ್ಚಾಗುತ್ತಿತ್ತು. ಆ ಹತ್ತನೆಯ ಮನೆಗೆ ಸರಾಸರಿಯ ಸಮಾಧಾನ ಯಾವ ಉಪಯೋಗಕ್ಕೆ?

ಖರ್ಚು ಏರುವುದೇಕೆ?

ಡಾಕ್ಟರರ ಆಸೆ, ಔಷಧ ಕಂಪನಿಗಳ ಲಾಭ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಅದರಲ್ಲಿ ಸತ್ಯವಿಲ್ಲವೆಂದಲ್ಲ, ಆದರೆ ಅದು ಇಡೀ ಸತ್ಯವೂ ಅಲ್ಲ. ಮುಖ್ಯವಾಗಿ ಐದು ಕಾರಣಗಳಿವೆ.

ಮೊದಲನೆಯದು, ನಾವು ಹೆಚ್ಚು ಕಾಲ ಬದುಕುತ್ತಿದ್ದೇವೆ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ, ಈಗ ಸುಮಾರು 70. 2011ರ ಜನಗಣತಿಯಲ್ಲಿ ಕರ್ನಾಟಕದ ಜನರಲ್ಲಿ ಶೇ. 9.5ರಷ್ಟು ಮಂದಿ 60 ವರ್ಷ ದಾಟಿದವರು, ಆ ಪಾಲು ಈಗ ಇನ್ನೂ ಹೆಚ್ಚಿದೆ. ಅಜ್ಜ ಅಜ್ಜಿಯರು ಮನೆಯಲ್ಲಿರುವುದು ದೇವರ ಕೊಡುಗೆ. ಆದರೆ ಮಂಡಿ, ಕಣ್ಣು, ಹೃದಯ, ಕಿಡ್ನಿ ಎಲ್ಲಕ್ಕೂ ವಯಸ್ಸಾಗುತ್ತದೆ, ಅವುಗಳ ಆರೈಕೆಗೆ ಹಣ ಬೇಕಾಗುತ್ತದೆ.

ಎರಡನೆಯದು, ರೋಗಗಳ ಸ್ವರೂಪವೇ ಬದಲಾಗಿದೆ. ನಮ್ಮ ಹಿರಿಯರ ಕಾಲದಲ್ಲಿ ಭಯ ಹುಟ್ಟಿಸುತ್ತಿದ್ದದ್ದು ಕಾಲರಾ, ಸಿಡುಬು, ಮಲೇರಿಯಾ. ಅವು ಬಂದು ಕೊಲ್ಲುತ್ತಿದ್ದವು ಅಥವಾ ಬಿಟ್ಟು ಹೋಗುತ್ತಿದ್ದವು. ಇಂದಿನ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಬಂದ ಮೇಲೆ ಹೋಗುವುದಿಲ್ಲ, ಮನೆಯ ಸದಸ್ಯರಂತೆ ಉಳಿದುಬಿಡುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ತಿಂಗಳಿಗೆ 800 ರೂಪಾಯಿ ಮಾತ್ರೆಗೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಅದು ಬಿಲ್ಲಿನಂತೆ ಕಾಣುವುದಿಲ್ಲ. ಆದರೆ ಹತ್ತು ವರ್ಷಕ್ಕೆ 96,000 ರೂಪಾಯಿ. ಅದೇ ಮಾತ್ರೆಯನ್ನು ಹಣವಿಲ್ಲವೆಂದು ಬಿಟ್ಟರೆ ಕಿಡ್ನಿ ಹಾಳಾಗಿ ಡಯಾಲಿಸಿಸ್‌ವರೆಗೆ ಹೋಗಬಹುದು. ಆಗ ವಾರಕ್ಕೆ ಎರಡು ಮೂರು ಸಾರಿ ಆಸ್ಪತ್ರೆಗೆ ಹೋಗಬೇಕು.

ಮೂರನೆಯದು, ಹೊಸ ಹೊಸ ಚಿಕಿತ್ಸೆಗಳು. ಹಿಂದೆ ಎದೆನೋವು ಬಂದರೆ ಮಾಡಲು ಏನೂ ಇರಲಿಲ್ಲ, ಆದ್ದರಿಂದ ಖರ್ಚೂ ಇರಲಿಲ್ಲ. ಇಂದು ಇಸಿಜಿ ಇದೆ, ಆಂಜಿಯೋಗ್ರಾಮ್ ಇದೆ, ಸ್ಟೆಂಟ್ ಇದೆ. ಖರ್ಚು ಏರಿತೆಂದು ದುಃಖಪಡುವಾಗ ಬದುಕುಳಿದವರನ್ನೂ ನೆನೆಯಬೇಕು. ಆದರೆ ಬೆಲೆ ನಿಗದಿಯಾಗುವ ರೀತಿಯನ್ನೂ ಪ್ರಶ್ನಿಸಬೇಕು. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಅಲ್ಲಿಯವರೆಗೆ ಲಕ್ಷ ರೂಪಾಯಿ ದಾಟಿದ್ದ ಔಷಧಲೇಪಿತ ಸ್ಟೆಂಟ್‌ನ ಬೆಲೆ ಸುಮಾರು 30,000ಕ್ಕೆ ಇಳಿಯಿತು. ಒಂದು ಸರ್ಕಾರಿ ಆದೇಶದಿಂದ ಬೆಲೆ ಅಷ್ಟು ಇಳಿಯಬಹುದಾದರೆ ಹಿಂದಿನ ಬೆಲೆಯಲ್ಲಿ ಎಷ್ಟು ಭಾಗ ನಿಜವಾದ ಖರ್ಚಾಗಿತ್ತು ಎಂದು ಕೇಳುವ ಹಕ್ಕು ನಮಗಿದೆ.

ನಾಲ್ಕನೆಯದು, ಔಷಧದ ಬೆಲೆ. ಅತ್ಯಾವಶ್ಯಕ ಔಷಧಗಳಿಗೆ ಸರ್ಕಾರ ಗರಿಷ್ಠ ಬೆಲೆ ನಿಗದಿ ಮಾಡುತ್ತದೆ. ಆದರೆ ಸಗಟು ಬೆಲೆ ಸೂಚ್ಯಂಕ ಏರಿದಂತೆ ಅದನ್ನೂ ಏರಿಸಲು ಅವಕಾಶವಿದೆ. 2022ರ ಏಪ್ರಿಲ್‌ನಲ್ಲಿ ಶೇ. 10ಕ್ಕೂ ಹೆಚ್ಚು, 2023ರ ಏಪ್ರಿಲ್‌ನಲ್ಲಿ ಶೇ. 12ಕ್ಕೂ ಹೆಚ್ಚು ಏರಿಸಲು ಹೀಗೆ ಅವಕಾಶವಾಯಿತು. ಆ ಎರಡು ವರ್ಷಗಳಲ್ಲಿ ಹೊಲದ ಕೂಲಿ ಅಷ್ಟೇ ಏರಿತೇ ಎಂದು ಕಂಪ್ಲಿಯ ನಾಟಿ ಹೆಣ್ಣುಮಕ್ಕಳನ್ನು ಕೇಳಬೇಕು.

ಐದನೆಯದು, ಚಿಕಿತ್ಸೆಯ ವ್ಯಾಪಾರದ ರೀತಿ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ನಾವು ಹುಳುಕು ನೋಡುತ್ತೇವೆ, ಚೌಕಾಸಿ ಮಾಡುತ್ತೇವೆ, ಬೇಡವಾದರೆ ಮುಂದಿನ ಅಂಗಡಿಗೆ ಹೋಗುತ್ತೇವೆ. ಆಸ್ಪತ್ರೆಯಲ್ಲಿ ಇದು ಯಾವುದೂ ಆಗದು. ಯಾವ ಪರೀಕ್ಷೆ ಬೇಕು, ಯಾವುದು ಬೇಡ ಎಂಬುದು ವೈದ್ಯರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಒಂದೊಂದು ಪರೀಕ್ಷೆಗೂ ಒಂದೊಂದು ಶಸ್ತ್ರಕ್ರಿಯೆಗೂ ಬೇರೆ ಬೇರೆ ಹಣ ಸಿಗುವ ವ್ಯವಸ್ಥೆಯಲ್ಲಿ ಪ್ರಾಮಾಣಿಕ ವೈದ್ಯರ ಮೇಲೂ ಹೆಚ್ಚು ಮಾಡುವ ಒತ್ತಡ ಬೀಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿ. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14 ಹೆರಿಗೆಗಳು ಸಿಸೇರಿಯನ್ ಆದರೆ ಖಾಸಗಿ ಆಸ್ಪತ್ರೆಗಳಲ್ಲಿ 47. ತಾಯಂದಿರ ದೇಹ ಅದೇ. ಕೆಲವು ಕಷ್ಟದ ಹೆರಿಗೆಗಳು ಖಾಸಗಿಗೆ ಹೋಗುತ್ತವೆ ಎಂದು ಒಪ್ಪಿಕೊಂಡರೂ ಈ ಅಂತರವನ್ನು ರೋಗ ಒಂದೇ ವಿವರಿಸಲಾರದು.

ಈ ಐದರ ಜೊತೆಗೆ ನಮ್ಮ ಸೀಮೆಯ ಸ್ವಂತ ಕಾರಣಗಳೂ ಇವೆ. ಸಂಡೂರಿನ ಬೆಟ್ಟಗಳಿಂದ ಅದಿರು ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ಕಾಲವನ್ನು ನಾವೆಲ್ಲ ನೋಡಿದ್ದೇವೆ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು, ಮುಂದೆ ಅದು ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಮತ್ತೆ ಆರಂಭವಾಯಿತು. ಉಸಿರಿನೊಳಗೆ ಹೋದ ಧೂಳಿಗೆ ಕೋರ್ಟಿನ ಆದೇಶ ಕೇಳಿಸುವುದಿಲ್ಲ. ವರ್ಷಗಟ್ಟಲೆ ಧೂಳು ಕುಡಿದ ಶ್ವಾಸಕೋಶ ನಿಧಾನವಾಗಿ ತನ್ನ ಲೆಕ್ಕ ಕೇಳುತ್ತದೆ. ಅದಿರು ಕೊಂಡವರು ಆ ಬಿಲ್ಲನ್ನು ಕಟ್ಟುವುದಿಲ್ಲ, ರಸ್ತೆ ಬದಿಯ ಮನೆಯವರು ಕಟ್ಟುತ್ತಾರೆ. ಹಾಗೆಯೇ ಕಂಪ್ಲಿಯ ಗದ್ದೆಗಳಲ್ಲಿ ಮೂಗಿಗೆ ಬಟ್ಟೆಯೂ ಇಲ್ಲದೆ ಔಷಧ ಹೊಡೆಯುವುದು, ಎಲ್ಲ ಕಡೆ ಗುಟ್ಕಾ, ಬೀಡಿ, ಸಾರಾಯಿ, ಹೆಲ್ಮೆಟ್ ಇಲ್ಲದ ಬೈಕು. ಇವೆಲ್ಲ ಮುಂದಿನ ಬಿಲ್ಲಿಗೆ ಇಂದೇ ಕೊಡುವ ಮುಂಗಡ.

ಹೊರೆ ಹೊರುವವರು ಯಾರು?

ಈಗ ಎರಡನೆಯ ಪ್ರಶ್ನೆಗೆ ಬರೋಣ. ಒಳ್ಳೆಯ ಸಮಾರಿಯದವನ ಸಾಮತಿಯನ್ನು ನಾವು ಎಷ್ಟೋ ಸಾರಿ ಕೇಳಿದ್ದೇವೆ. ಗಾಯಕ್ಕೆ ಎಣ್ಣೆ ಹಚ್ಚಿದ್ದು, ಪಟ್ಟಿ ಕಟ್ಟಿದ್ದು ನಮಗೆ ನೆನಪಿರುತ್ತದೆ. ಆದರೆ ಯೇಸುಸ್ವಾಮಿ ಕಥೆಯನ್ನು ಅಲ್ಲಿಗೆ ನಿಲ್ಲಿಸುವುದಿಲ್ಲ. ಛತ್ರದವನಿಗೆ ಎರಡು ನಾಣ್ಯ ಕೊಟ್ಟದ್ದನ್ನೂ, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುತ್ತೇನೆಂದು ಮಾತು ಕೊಟ್ಟದ್ದನ್ನೂ ಹೇಳುತ್ತಾರೆ. ಗಾಯಾಳುವಿನ ಕೈಗೆ ಬಿಲ್ಲು ಬರಲಿಲ್ಲ. ಕನಿಕರವೆಂದರೆ ಖರ್ಚನ್ನು ಯಾರು ಹೊರಬೇಕೆಂಬ ಪ್ರಶ್ನೆಗೆ ಉತ್ತರ ಕೊಡುವುದೂ ಹೌದು.

ನಮ್ಮ ದೇಶದಲ್ಲಿ ಈ ಉತ್ತರವನ್ನು ಸ್ವಾತಂತ್ರ್ಯಕ್ಕೆ ಮೊದಲೇ ಬರೆದಿಟ್ಟಿದ್ದರು. ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿ ಕೊಟ್ಟ ವರದಿಯ ಮೂಲತತ್ವವೇ ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು. ಇಂದು ನಮ್ಮ ಹೋಬಳಿಗಳಲ್ಲಿರುವ ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆ ಆ ವರದಿಯಿಂದ ಬಂದದ್ದು. ಧರ್ಮಸಭೆಯೂ ಹಿಂದೆ ಉಳಿಯಲಿಲ್ಲ. ಗುಂಟೂರಿನಲ್ಲಿ ಸೇವೆ ಮಾಡುತ್ತಿದ್ದ ವೈದ್ಯೆ ಸಿಸ್ಟರ್ ಮೇರಿ ಗ್ಲೋರಿಯವರು 1943ರಲ್ಲೇ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಬಳ್ಳಾರಿಯಲ್ಲಿ 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಜನರ ಬಾಯಲ್ಲಿ ವಿಮ್ಸ್ ಎಂದೇ ಉಳಿದಿರುವ ಅದರ ಆಸ್ಪತ್ರೆ ಈ ನಾಲ್ಕೂ ಊರುಗಳ ಬಡವರ ಕೊನೆಯ ಆಸರೆಯಾಯಿತು.

ಆದರೆ ತತ್ವಕ್ಕೆ ತಕ್ಕ ಹಣ ದಶಕಗಳ ಕಾಲ ಬರಲಿಲ್ಲ. ಬದಲಾವಣೆ ಕಾಣತೊಡಗಿದ್ದು 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದ ಮೇಲೆ. ಆಶಾ ಕಾರ್ಯಕರ್ತೆಯರು ಹಳ್ಳಿಗಳಲ್ಲಿ ಕಾಣಿಸಿಕೊಂಡರು, ಆಸ್ಪತ್ರೆಯ ಹೆರಿಗೆಗೆ ಸಹಾಯಧನ ಬಂತು. 2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಓಡತೊಡಗಿತು. ಅದಕ್ಕೂ ಮೊದಲು, 2003ರಲ್ಲಿ, ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ ಆರಂಭವಾಗಿತ್ತು. ತಿಂಗಳಿಗೆ ಐದು ರೂಪಾಯಿ ಲೆಕ್ಕದ ವಂತಿಗೆಯಿಂದ ಶಸ್ತ್ರಚಿಕಿತ್ಸೆ ಸಾಧ್ಯವೆಂದು ಅದು ದೇಶಕ್ಕೇ ತೋರಿಸಿಕೊಟ್ಟಿತು. 2018ರಲ್ಲಿ ನಿಂತ ಆ ಯೋಜನೆ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿದೆ.

ಇಂಥ ಯೋಜನೆಗಳಿಂದ ನಿಜವಾಗಿಯೂ ಪ್ರಯೋಜನವಾಗುತ್ತದೆಯೇ? ಇದಕ್ಕೆ ನಮ್ಮ ಕಡೆಯಿಂದಲೇ ಒಂದು ಸಾಕ್ಷಿಯಿದೆ. ಬಡ ಕುಟುಂಬಗಳ ದೊಡ್ಡ ಕಾಯಿಲೆಗಳಿಗೆಂದು 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಜಾರಿಗೆ ಬಂದಾಗ ಅದು ಮೊದಲು ಸಿಕ್ಕಿದ್ದು ಆಗಿನ ಗುಲ್ಬರ್ಗಾ ವಿಭಾಗಕ್ಕೆ. ನಮ್ಮ ಬಳ್ಳಾರಿ ಜಿಲ್ಲೆಯೂ ಅದರಲ್ಲಿತ್ತು. ದಕ್ಷಿಣದ ಜಿಲ್ಲೆಗಳಿಗೆ ಅದು ಇನ್ನೂ ತಲುಪಿರಲಿಲ್ಲ. ಯೋಜನೆ ಇದ್ದ ಉತ್ತರದ ಹಳ್ಳಿಗಳನ್ನೂ ಗಡಿಯ ಆಚೆ ಯೋಜನೆ ಇಲ್ಲದ ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿ ನೋಡಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡವರಲ್ಲಿ ಆದ ಸಾವುಗಳು ಯೋಜನೆ ಇದ್ದ ಹಳ್ಳಿಗಳಲ್ಲಿ ಶೇ. 64ರಷ್ಟು ಕಡಿಮೆಯಿದ್ದವು, ದೊಡ್ಡ ಆಸ್ಪತ್ರೆಗೆ ಸೇರಿದಾಗ ಕೈಯಿಂದ ಹೋಗುವ ಹಣವೂ ಕಡಿಮೆಯಾಗಿತ್ತು. ಗಡಿಯ ಈಚೆ ಮತ್ತು ಆಚೆಯ ಜನ ಒಂದೇ ಭಾಷೆಯವರು, ಒಂದೇ ಬೆಳೆಯವರು, ಒಂದೇ ಬಡತನದವರು. ವ್ಯತ್ಯಾಸ ಇದ್ದದ್ದು ಬಿಲ್ಲನ್ನು ಯಾರು ಕಟ್ಟುತ್ತಾರೆ ಎಂಬುದರಲ್ಲಿ. ಅದು ಸಾವು ಬದುಕಿನ ವ್ಯತ್ಯಾಸವಾಯಿತು.

2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಮತ್ತು ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಗಳನ್ನು ಒಂದುಗೂಡಿಸಲಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಗಳಿಗೂ ವೆಚ್ಚದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ, ಸರ್ಕಾರ ಭರಿಸುವ ಏರ್ಪಾಡು.

ಇಷ್ಟಾದರೂ ದಾರಿ ಇನ್ನೂ ದೂರವಿದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯು 2025ರ ಹೊತ್ತಿಗೆ ಸರ್ಕಾರದ ಆರೋಗ್ಯ ಖರ್ಚನ್ನು ದೇಶದ ಒಟ್ಟು ಉತ್ಪನ್ನದ ಶೇ. 2.5ಕ್ಕೆ ಏರಿಸುವ ಗುರಿ ಇಟ್ಟಿತ್ತು. 2021-22ರಲ್ಲಿ, ಕೊರೋನಾ ಖರ್ಚೂ ಸೇರಿ, ಅದು ಮುಟ್ಟಿದ್ದು ಶೇ. 1.84. ಹಾಗೆಂದು ಖರ್ಚು ಹೆಚ್ಚಿದ ಮಾತ್ರಕ್ಕೆ ಆರೋಗ್ಯ ಹೆಚ್ಚುತ್ತದೆ ಎಂದೂ ಅಲ್ಲ. ಅಮೆರಿಕ ತನ್ನ ಉತ್ಪನ್ನದ ಶೇ. 17ರಷ್ಟನ್ನು ಆರೋಗ್ಯಕ್ಕೆ ಸುರಿದರೂ ಅಲ್ಲಿಯವರ ಆಯಸ್ಸು ಬೇರೆ ಶ್ರೀಮಂತ ದೇಶಗಳವರಿಗಿಂತ ಕಡಿಮೆ. ಹಣ ಎಷ್ಟು ಎಂಬುದರಷ್ಟೇ ಅದು ಎಲ್ಲಿ ಹೋಗುತ್ತದೆ ಎಂಬುದೂ ಮುಖ್ಯ.

ಕಾರ್ಡಿಗೆ ಸಿಗದ ಖರ್ಚು

"ಗುರುಗಳೇ, ಕಾರ್ಡು ಇದೆ. ಆದರೂ ಸಾಲ ಆಯಿತು" ಎಂದು ಹೇಳುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಗೆ ಈ ಕಾರ್ಡು ಹಣ ಕಟ್ಟುತ್ತದೆ. ಆದರೆ ಹೆಚ್ಚಿನ ರೋಗಿಗಳು ಸೇರುವುದೇ ಇಲ್ಲ. ಚೀಟಿ ಬರೆಸಿಕೊಂಡು, ಲ್ಯಾಬಿನಲ್ಲಿ ರಕ್ತ ಕೊಟ್ಟು, ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಂಡು ಮನೆಗೆ ಬರುತ್ತಾರೆ. ಈ ಖರ್ಚಿನಲ್ಲಿ ಔಷಧದ ಪಾಲೇ ಅತಿ ದೊಡ್ಡದು, ಅದಕ್ಕೆ ಕಾರ್ಡು ನಡೆಯುವುದಿಲ್ಲ. 2017-18ರ ಸಮೀಕ್ಷೆಯಲ್ಲಿ ಇಂಥ ಕಾಯಿಲೆಗಳಿಗೆ ಸರ್ಕಾರಿ ಆಸ್ಪತ್ರೆಗೆ ಹೋದವರು ನೂರಕ್ಕೆ ಸುಮಾರು 30 ಮಾತ್ರ. ಉಳಿದವರು ಖಾಸಗಿ ಕ್ಲಿನಿಕ್‌ಗಳಿಗೆ ಹೋದರು, ಅಲ್ಲಿ ಹಣ ಕೊಟ್ಟರು.

ಜೊತೆಗೆ ಬಿಲ್ಲಿನಲ್ಲಿ ಬರೆಯದ ಖರ್ಚುಗಳಿವೆ. 2021ರ ಅಕ್ಟೋಬರ್ 2ರಿಂದ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರ. ಹಂಪಿ ಆ ಜಿಲ್ಲೆಯಲ್ಲಿದೆ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಉಳಿದಿವೆ. ಜಿಲ್ಲೆ ಯಾವುದಾದರೂ ದೊಡ್ಡ ಕಾಯಿಲೆಯಾದರೆ ಹೊಸಪೇಟೆಯಿಂದ ಸುಮಾರು 60 ಕಿಲೋಮೀಟರು ದೂರದ ಬಳ್ಳಾರಿಗೆ, ಇಲ್ಲವೇ ಹುಬ್ಬಳ್ಳಿಗೆ ಹೋಗಬೇಕು. ಕ್ಯಾನ್ಸರ್, ಹೃದಯ ಎಂದರೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಕಿದ್ವಾಯಿಗೋ ಜಯದೇವಕ್ಕೋ ಹೋಗಬೇಕು. ರೋಗಿಯ ಜೊತೆ ಇಬ್ಬರು, ಅವರ ಟಿಕೆಟ್ಟು, ಊಟ, ಲಾಡ್ಜು. ಹಂಪಿಯಲ್ಲಿ ಆಟೋ ಓಡಿಸುವವನು ಒಂದು ವಾರ ಆಸ್ಪತ್ರೆಯ ವರಾಂಡದಲ್ಲಿ ಕುಳಿತರೆ ಆ ವಾರದ ಸಂಪಾದನೆಯನ್ನು ಯಾವ ಕಾರ್ಡೂ ತುಂಬಿಕೊಡುವುದಿಲ್ಲ. ಆಗ ಬಡ್ಡಿ ಸಾಲ, ಸಂಘದ ಸಾಲ, ಒತ್ತೆ ಇಟ್ಟ ಬಂಗಾರ. ರೋಗ ವಾಸಿಯಾದ ಮೇಲೂ ಕಂತು ವಾಸಿಯಾಗುವುದಿಲ್ಲ.

ಸರ್ಕಾರಿ ಆಸ್ಪತ್ರೆ ಹತ್ತಿರವಿದ್ದೂ ಜನ ಅದನ್ನು ಬಿಟ್ಟು ಏಕೆ ಹೋಗುತ್ತಾರೆ? ಕೆಲವೊಮ್ಮೆ ವೈದ್ಯರಿಲ್ಲ, ಕೆಲವೊಮ್ಮೆ ಔಷಧವಿಲ್ಲ, ಎಷ್ಟೋ ಬಾರಿ ಗೌರವದ ಮಾತಿಲ್ಲ. ಕೆಲವೊಮ್ಮೆ ಭಯ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಹಾಕಿದ್ದ ಐವಿ ದ್ರಾವಣದ ಗುಣಮಟ್ಟದ ಬಗ್ಗೆ ಸಂಶಯ ಎದ್ದು ಆ ಕಂಪನಿಯ ದ್ರಾವಣದ ಬಳಕೆಯನ್ನು ರಾಜ್ಯ ಸರ್ಕಾರ ನಿಲ್ಲಿಸಿತು. ಅಂಥ ಸುದ್ದಿ ಕೇಳಿದ ಗರ್ಭಿಣಿಯ ತಾಯಿ ಕಿವಿಯೋಲೆ ಮಾರಿಯಾದರೂ ಮಗಳನ್ನು ಖಾಸಗಿಗೆ ಸೇರಿಸಿದರೆ ಆಕೆಯನ್ನು ದೂರಲು ನಮಗೆ ಬಾಯಿ ಬರುವುದಿಲ್ಲ. ಆದರೆ ನಂಬಿಕೆ ಕುಸಿದ ಪ್ರತಿಯೊಂದು ಸಾರಿಯೂ ಅದರ ಬೆಲೆಯನ್ನು ಕುಟುಂಬವೇ ತೆರುತ್ತದೆ. ಆದ್ದರಿಂದ ಸರ್ಕಾರಿ ಆಸ್ಪತ್ರೆ ಚೆನ್ನಾಗಿರಬೇಕೆಂದು ಕೇಳುವ ಕೆಲಸ ಅಲ್ಲಿಗೆ ಹೋಗುವ ಬಡವರದು ಮಾತ್ರವಲ್ಲ, ನಮ್ಮೆಲ್ಲರದು.

ನಮ್ಮ ಕೈಲಾಗುವುದೇನು?

ದೇಶದ ಬಜೆಟ್ಟನ್ನು ನಾವು ಬರೆಯುವುದಿಲ್ಲ. ಆದರೂ ಪ್ರತಿ ಕುಟುಂಬವೂ ಪ್ರತಿ ಧರ್ಮಕೇಂದ್ರವೂ ಮಾಡಬಹುದಾದ ಕೆಲಸಗಳಿವೆ.

ರೋಗ ಬರುವ ಮೊದಲೇ ಕಾಗದಗಳನ್ನು ಸರಿಮಾಡಿಕೊಳ್ಳಿ. ಪಡಿತರ ಚೀಟಿಯಲ್ಲಿ ಎಲ್ಲರ ಹೆಸರೂ ಇದೆಯೇ, ಆಧಾರ್‌ನಲ್ಲಿರುವ ಹೆಸರಿಗೂ ಅದಕ್ಕೂ ಹೊಂದಿಕೆಯಿದೆಯೇ ನೋಡಿಕೊಳ್ಳಿ. ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲೇ ಇದ್ದರೆ ಆಸ್ಪತ್ರೆಯ ಕೌಂಟರಿನಲ್ಲಿ ತೊಂದರೆಯಾಗುತ್ತದೆ. ಸಹಕಾರ ಸಂಘದ ಸದಸ್ಯರಾದ ರೈತರು ಯಶಸ್ವಿನಿಯ ನೋಂದಣಿ ಅವಧಿಯನ್ನು ವಿಚಾರಿಸಿಕೊಳ್ಳಿ. ಕಾರ್ಖಾನೆಗಳಲ್ಲಿ ಗುತ್ತಿಗೆ ಕೆಲಸ ಮಾಡುವ ಯುವಕರು ಸಂಬಳದ ಚೀಟಿಯಲ್ಲಿ ಇಎಸ್ಐ ಹಣ ಹಿಡಿದಿದ್ದಾರೆಯೇ ನೋಡಿ. ಹಿಡಿದಿದ್ದರೆ ನಿಮಗೂ ಮನೆಯವರಿಗೂ ಮಾತ್ರೆಯಿಂದ ಹಿಡಿದು ಶಸ್ತ್ರಚಿಕಿತ್ಸೆಯವರೆಗೆ ಹಕ್ಕಿದೆ.

ತುರ್ತು ಸಂದರ್ಭ ಬಿಟ್ಟು ಬೇರೆ ಚಿಕಿತ್ಸೆಗೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಸೇರಿಕೊಂಡರೆ ಕಾರ್ಡು ನಡೆಯದಿರಬಹುದು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆ ಚಿಕಿತ್ಸೆ ಇಲ್ಲವಾದರೆ ಶಿಫಾರಸು ಪತ್ರ ಕೇಳಿ ಪಡೆಯಿರಿ. ಈ ಒಂದು ಕಾಗದ ತಪ್ಪಿದ್ದರಿಂದ ಹೊಲ ಮಾರಿದವರಿದ್ದಾರೆ.

ಸಕ್ಕರೆ ಕಾಯಿಲೆ, ಬಿಪಿ ಇರುವವರು ಮಾತ್ರೆ ಬಿಡಬೇಡಿ. ಇವುಗಳ ಸಾಮಾನ್ಯ ಮಾತ್ರೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ಕೊಳ್ಳಲೇಬೇಕಾದರೆ ಚೀಟಿಯಲ್ಲಿ ಔಷಧದ ಮೂಲ ಹೆಸರನ್ನು ಬರೆದುಕೊಡುವಂತೆ ವೈದ್ಯರನ್ನು ವಿನಯದಿಂದ ಕೇಳಿ. ಅದೇ ಔಷಧ ಜನೌಷಧಿ ಅಂಗಡಿಯಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುವುದು ಸಾಮಾನ್ಯ. ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಲಿ.

ಖಾಸಗಿ ಆಸ್ಪತ್ರೆಯಲ್ಲಿ ದರಪಟ್ಟಿ ಕೇಳಲು, ವಿವರವಾದ ಬಿಲ್ಲು ಪಡೆಯಲು ಸಂಕೋಚಪಡಬೇಡಿ. 2017ರಲ್ಲಿ ತಿದ್ದುಪಡಿಯಾದ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯು ರೋಗಿಗಳ ಹಕ್ಕುಗಳನ್ನು ಗುರುತಿಸಿದೆ. ಯಾವ ಕಾರ್ಡಿನ ವ್ಯಾಪ್ತಿಗೂ ಬಾರದ ಮಧ್ಯಮ ವರ್ಗದವರು ಆರೋಗ್ಯ ವಿಮೆ ಮಾಡಿಸುವುದಾದರೆ ಆರೋಗ್ಯವಾಗಿರುವಾಗಲೇ ಮಾಡಿಸಿ. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಲು ಕಂಪನಿಗಳಿಗೆ ಅವಕಾಶವಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18ರ ಜಿಎಸ್‌ಟಿಯನ್ನು ತೆಗೆದುಹಾಕಲಾಗಿದೆ.

ಗಣಿ ಹಳ್ಳಿಗಳವರಿಗೆ ಇನ್ನೊಂದು ಮಾತು. 2015ರ ಕಾನೂನಿನಂತೆ ಗಣಿ ಕಂಪನಿಗಳು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟುತ್ತವೆ. ಅದರ ದೊಡ್ಡ ಭಾಗ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಅಗತ್ಯಗಳಿಗೆ ಹೋಗಬೇಕೆಂಬ ನಿಯಮವಿದೆ. ಧೂಳು ಕುಡಿದವರ ಹಕ್ಕಿನ ಹಣ ಅದು. ಗ್ರಾಮಸಭೆಯಲ್ಲಿ ಎದ್ದು ನಿಂತು ನಮ್ಮ ಊರಿನ ಆಸ್ಪತ್ರೆಗೆ ಅದರಲ್ಲಿ ಏನು ಬಂತು ಎಂದು ಕೇಳಿ.

ಕೊನೆಯದಾಗಿ ಧರ್ಮಕೇಂದ್ರಗಳಿಗೆ. ನಮ್ಮ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು, ಕಿರು ಕ್ರೈಸ್ತ ಸಮುದಾಯದ ಮುಖಂಡರು ಬಿಲ್ಲು ಬಂದ ಮೇಲೆ ಕಾಣಿಕೆ ಎತ್ತುವುದರಲ್ಲಿ ಉದಾರಿಗಳು. ಆದರೆ ಎರಡು ಸಾವಿರ ರೂಪಾಯಿ ಕೊಡುವುದಕ್ಕಿಂತ ಎರಡು ಲಕ್ಷದ ಹಕ್ಕನ್ನು ಕೊಡಿಸುವುದು ದೊಡ್ಡ ಸಹಾಯ. ಪ್ರತಿ ವಾರ್ಡಿನಲ್ಲಿ ಓದುಬರಹ ಬಲ್ಲ ಒಬ್ಬರು ಈ ಯೋಜನೆಗಳನ್ನು ಚೆನ್ನಾಗಿ ತಿಳಿದುಕೊಂಡು, ರೋಗಿಯ ಜೊತೆ ಕೌಂಟರಿನವರೆಗೆ ನಡೆದುಹೋಗಲಿ. ಆ ನೆರವು ನಮ್ಮ ಮನೆಗಳಿಗಷ್ಟೇ ನಿಲ್ಲದೆ ಪಕ್ಕದ ಮನೆಯ ಹನುಮಕ್ಕನಿಗೂ, ಎದುರು ಮನೆಯ ಹುಸೇನಪ್ಪನಿಗೂ ಸಿಗಲಿ. ದಾರಿಯಲ್ಲಿ ಬಿದ್ದವನನ್ನು ನೀನು ಯಾವ ಜಾತಿಯವನೆಂದು ಸಮಾರಿಯದವನು ಕೇಳಲಿಲ್ಲ.

ಪ್ರಿಯರೇ, ಆಯಸ್ಸು ಹೆಚ್ಚುತ್ತದೆ, ಔಷಧಗಳು ಹೊಸದಾಗುತ್ತವೆ, ಖರ್ಚು ಏರುತ್ತದೆ. ಅದನ್ನು ನಿಲ್ಲಿಸಲು ನಮ್ಮಿಂದಾಗದು. ಆದರೆ ಆ ಖರ್ಚು ಒಂದೇ ಮನೆಯ ಮೇಲೆ ಬಂಡೆಯಂತೆ ಬೀಳಬೇಕೋ, ಎಲ್ಲರ ಹೆಗಲ ಮೇಲೆ ಹಂಚಿಹೋಗಬೇಕೋ ಎಂಬುದು ನಮ್ಮೆಲ್ಲರ ತೀರ್ಮಾನಕ್ಕೆ ಬಿಟ್ಟದ್ದು. ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಒಮ್ಮೆ ಟ್ರಂಕು ತೆರೆದು ಪಡಿತರ ಚೀಟಿಯನ್ನು ತೆಗೆದು ನೋಡಿ. ಹೆಸರುಗಳೆಲ್ಲ ಸರಿಯಾಗಿದ್ದರೆ ದೇವರಿಗೆ ವಂದನೆ ಹೇಳಿ. ಸರಿಯಿಲ್ಲದಿದ್ದರೆ ಸೋಮವಾರವೇ ತಾಲೂಕು ಕಚೇರಿಗೆ ಹೊರಡಿ.